ಆರು ಪೌಂಡಿನ ಗುಂಡು

ಮಾಕುಟ್ಟ ಘಾಟಿ ಹತ್ತಿ, ಪೆರುಂಬಾಡಿ ದಾಟಿದ ಮೇಲೆ
ಎಡಕ್ಕೆ, ಮೆಣಸಿನ ಬಳ್ಳಿ ಹಬ್ಬಿದ ಹಲಸಿನ ಹಿಂದೆ
ಒಂದು ಕಲ್ಲಿದೆ.
ಬಸ್ಸಿನಿಂದ ಕಾಣುವುದಿಲ್ಲ.
ಇಳಿದು ಬಂದವರೂ ಮೈಲಿಗಲ್ಲೆಂದು ತಿಳಿದು
ವಿರಾಜಪೇಟೆ ಎಷ್ಟು ದೂರ ಎಂದು ಹುಡುಕುತ್ತಾರೆ.

ಅದರ ಮೇಲಿರುವುದು ದೂರವಲ್ಲ.
ಒಂದು ತೋಪು, ಪಕ್ಕದಲ್ಲಿ ಗುಂಡಿನ ರಾಶಿ,
ಸಾವಿರದೆಂಟುನೂರ ಮೂವತ್ತನಾಲ್ಕು, ಏಪ್ರಿಲ್,
ಮದರಾಸಿನ ಫಿರಂಗಿ ದಳದ
ಒಬ್ಬ ಲೆಫ್ಟಿನೆಂಟು, ಇಬ್ಬರು ಸಾರ್ಜೆಂಟು,
ಹೆಸರು ಊರು ವಯಸ್ಸು ಸಮೇತ.
ಕೊನೆಯ ಸಾಲು ಮಣ್ಣಿನೊಳಗಿತ್ತು.
ಗುದ್ದಲಿಯಲ್ಲಿ ಕೆರೆದು ಓದಿದೆ:
ಮತ್ತು ಲಸ್ಕರರು ಹನ್ನೊಂದು, ಎತ್ತು ನಲವತ್ತು.

ಇಸವಿಯ ಕೊನೆಯ ನಾಲ್ಕು ಈಗಿಲ್ಲ.
ತೋಟದ ಚೋಮಿ ಕತ್ತಿ ಮಸೆಯುವುದು ಅಲ್ಲೇ.
"ಒಳ್ಳೆ ಕಲ್ಲು ಅಯ್ಯಾ, ಒಂದು ಬೊಗಸೆ ನೀರು ಸಾಕು."

ನಾನು ಇಪ್ಪತ್ತೆರಡು ವರ್ಷ ತೋಪಿನ ಹಿಂದೆ ನಿಂತವನು.
ಎಡಗಿವಿಯನ್ನು ಗಡಿಯಲ್ಲೇ ಬಿಟ್ಟುಬಂದವನು;
ದೇಚಮ್ಮ ಬಲಕ್ಕೆ ಕೂತರೆ ಮಾತು, ಎಡಕ್ಕೆ ಕೂತರೆ ಜಗಳ.
ಕಾಲಾಳಿಗೆ ಧ್ವಜವಿದೆ. ನಮಗೆ ತೋಪೇ ಧ್ವಜ,
ಬಿಟ್ಟು ಓಡುವ ಹಾಗಿಲ್ಲ.
ಆ ಚಿತ್ರ ಕಂಡ ಮೊದಲ ದಿನ
ಹವಾಯಿ ಚಪ್ಪಲಿಯ ಹಿಮ್ಮಡಿ ತಾನಾಗಿ ಕೂಡಿತು,
ಕೈ ಹಣೆಯವರೆಗೆ ಹೋಗಿ
ಸೊಳ್ಳೆ ಹೊಡೆದಂತೆ ನಟಿಸಿ ಇಳಿಯಿತು.

ಯಾಕೆಂದರೆ ಎದುರಿಗೇ, ಮುನ್ನೂರಿಪ್ಪತ್ತು ಗಜ ಮೇಲೆ,
ನಮ್ಮ ಕಡಂಗ.
ಈಗ ಅದರ ತುಂಬ ತರಗೆಲೆ, ಮುಳ್ಳುಹಂದಿಯ ಸಂಸಾರ.
ಅಂದು ಅದರೊಳಗೆ ನಮ್ಮ ಒಕ್ಕದ ಪಳಂಗಪ್ಪ
ಕೋವಿಯ ಬತ್ತಿ ನೆನೆಯದ ಹಾಗೆ ಕಂಕುಳಲ್ಲಿಟ್ಟುಕೊಂಡು
ಮೂರು ದಿನ ಕೂತಿದ್ದ.

ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ಲೆಕ್ಕ ಹಾಕಿದೆ.
ಏರು ನೆಲ. ತೇವದ ಮದ್ದು.
ಮಳೆಯ ಕೆಸರಿನಲ್ಲಿ ಹಿಂದಕ್ಕೆ ಹೂತ ಗಾಲಿ.
ಬಾಯಿ ಒಂದೂವರೆ ಡಿಗ್ರಿ ಮೇಲಕ್ಕೆ.
ಅಯ್ಯೋ ಮಾರಾಯ, ಇಳಿಸು, ಸ್ವಲ್ಪ ಇಳಿಸು,
ಎಂದು ಕಲ್ಲಿನವನಿಗೆ ಹೇಳಿಕೊಡಲು ಹೋಗಿ
ನಾಲಿಗೆ ಕಚ್ಚಿಕೊಂಡೆ.
ಅವನು ಇಳಿಸಿದ್ದರೆ ನಾನಿಲ್ಲ.

ಗುಂಡು ಕಡಂಗ ಹಾರಿ ನಮ್ಮ ಗದ್ದೆಗೆ ಬಿತ್ತು.
ಬರೀ ಬಾಯಿಮಾತಲ್ಲ, ಗುಂಡು ಮನೆಯಲ್ಲಿದೆ.
ಅಜ್ಜಿ ಅದರಲ್ಲಿ ಮೆಣಸು ತೂಗುತ್ತಿದ್ದಳು.
ಆರು ಪೌಂಡು ಎಂದು ಪೇಟೆಯ ಮಮ್ಮು ಸಾಹುಕಾರನೂ ಒಪ್ಪಿದ್ದ.
ಮಳೆಗಾಲಕ್ಕೊಂದು ಪದರ ತುಕ್ಕು ಉದುರಿ
ವರ್ಷ ವರ್ಷವೂ ಮಮ್ಮುವಿಗೆ ನಾಲ್ಕು ಕಾಳು ಕಡಿಮೆ.
ಅವನ ಮಗ ಕಿಲೋ ಬಟ್ಟು ತಂದ ದಿನ
ಅಜ್ಜಿ ಯಾರೊಂದಿಗೂ ಮಾತಾಡಲಿಲ್ಲ.
ಈಗದು ಗಾಳಿಗೆ ಹಿತ್ತಿಲ ಬಾಗಿಲು ಬಡಿಯದಂತೆ
ಕೂತಿರುತ್ತದೆ.

ಮಡಿಕೇರಿಯಿಂದ ಓಲೆ ಬಂತಂತೆ, ಇಳಿಯಿರಿ ಎಂದು.
ಪಳಂಗಪ್ಪ ಇಳಿದ. ಬತ್ತಿ ಇನ್ನೂ ಒಣಗಿಯೇ ಇತ್ತು.
ಅವನಿಗೆ ಕಲ್ಲಿಲ್ಲ.
ವರ್ಷಕ್ಕೊಮ್ಮೆ ಕೈಮಡದಲ್ಲಿ ಬಾಳೆಲೆ, ಕೋಳಿ, ಒಂದು ಲೋಟ ಸಾರಾಯಿ.
ನನ್ನ ಕಾಲಕ್ಕೆ ಕ್ಯಾಂಟೀನಿನ ರಮ್ಮು.

ಈ ಸಲ ಮೀದಿ ಇಟ್ಟ ಮೇಲೆ
ಬಾಟಲಿಯಲ್ಲಿ ಎರಡು ಬೆರಳು ಉಳಿಯಿತು.
ಕಲ್ಲಿನ ದಿಕ್ಕಿಗೆ ನೋಡಿದೆ.
ದೇಚಮ್ಮ ಬಲಗಿವಿಯ ಹತ್ತಿರ ಬಂದಳು:
"ಲೆಫ್ಟಿನೆಂಟಿಗೆ ಅವನ ಊರಲ್ಲಿ ಯಾರಾದರೂ ಹೊಯ್ದಿರುತ್ತಾರೆ.
ಆ ಹನ್ನೊಂದು ಜನ ಕುಡಿಯುವವರೋ ಅಲ್ಲವೋ,
ಹೆಸರೇ ಇಲ್ಲ, ಯಾರನ್ನು ಕೇಳುತ್ತೀರಿ?
ಎತ್ತು ಏನು ತಿನ್ನುತ್ತದೆ ಅನ್ನುವುದೊಂದು ಗೊತ್ತು."

ಎರಡು ಹೊರೆ ಹುಲ್ಲು ಹೊತ್ತು ಹೋಗಿ ಹಾಕಿದೆ.
ನಲವತ್ತಕ್ಕೆ ಸಾಲದು.
ಘಾಟಿಯಲ್ಲಿ ಮರದ ಲಾರಿಯೊಂದು
ಗೇರು ಬದಲಿಸುತ್ತ, ನಿಲ್ಲುತ್ತ, ಮತ್ತೆ ಎಳೆಯುತ್ತಿತ್ತು.

ಬೆಳಿಗ್ಗೆ ಹುಲ್ಲಿಲ್ಲ.
ಕಲ್ಲಿನ ಬುಡದಲ್ಲಿ ಸಗಣಿ, ಇನ್ನೂ ಹಬೆಯಾಡುತ್ತಿದೆ.
"ನನ್ನ ದನ ಅಯ್ಯಾ, ರಾತ್ರಿ ಹಗ್ಗ ಕಿತ್ತಿತು," ಎಂದು
ಚೋಮಿ ಕಲ್ಲಿಗೆ ನೀರು ಚಿಮುಕಿಸಿ ಕತ್ತಿ ಇಟ್ಟಳು.
ಈಗ ಮೂರೂ ಸವೆಯುತ್ತಿದೆ.